ಹಾಲು ಕೊಟ್ಟವನು

“ಬಿಸಿ ಬಿಸಿ, ಕೈ ತೆಗೀರಿ,” ಎನ್ನುತ್ತ ಉಲ್ಲಾಸ್ ಪಾಯಸದ ಬಕೆಟ್ ಹಿಡಿದು ಗ್ಯಾರೇಜಿನೊಳಗೆ ಬಂದ. ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನಲ್ಲಿ ಗೆಳೆಯ ವಿಶ್ವಾಸ್ ಕೊಂಡ ಮನೆಯ ಗೃಹಪ್ರವೇಶ. ಕಾರುಗಳನ್ನು ರಸ್ತೆಗೆ ಅಟ್ಟಿ, ಅವು ನಿಲ್ಲುವ ಜಾಗದಲ್ಲಿ ಪಂಕ್ತಿ ಹಾಕಿದ್ದರು.

“ಏನ್ ಹೀರೋ, ಈಗ ಯಾವ ಪಾರ್ಟು?” ಮೊದಲ ಎಲೆಯ ರಾಜಗೋಪಾಲ ಕೇಳಿದ.

“ಬಡಿಸೋನು. ಡೈಲಾಗೂ ಇದೆ, ಕೇಳಿಸ್ಲಿಲ್ವಾ?”

ಸಾಲು ಪೂರ್ತಿ ನಕ್ಕಿತು. ಉಲ್ಲಾಸನೂ ನಕ್ಕ. ಡಾಲಸ್‌ನಲ್ಲಿ ಪೊಲೀಸ್, ಹ್ಯೂಸ್ಟನ್‌ನಲ್ಲಿ ಟ್ಯಾಕ್ಸಿಯವನು, ಇಲ್ಲೇ ಆಸ್ಟಿನ್‌ನಲ್ಲಿ ಎರಡು ಸಲ ಹೆಣ. ವರ್ಷಗಳಿಂದ ಅವನು ಸಿನಿಮಾದಲ್ಲಿ, ಟೀವಿಯಲ್ಲಿ ಬರುತ್ತಲೇ ಇದ್ದ. ನೋಡಿದವರು ಮಾತ್ರ ಫೋನ್ ಮಾಡಿ, “ನೀನು ಎಲ್ಲಿ ಬಂದೆ?” ಎಂದು ಕೇಳುತ್ತಿದ್ದರು.

“ಸೋಮವಾರ ದ ಡೊಮೇನ್‌ನಲ್ಲಿರೋ ನಮ್ಮ ಆಫೀಸ್‌ಗೆ ಬಂದ್ಬಿಡು,” ತುಪ್ಪದ ಗಿಂಡಿ ಹಿಡಿದು ಹಿಂದೆಯೇ ಬರುತ್ತಿದ್ದ ವಿಶ್ವಾಸ್ ಪಿಸುಗುಟ್ಟಿದ. “ಹೊಸಬ್ರಿಗೆ ಟ್ರೈನಿಂಗ್ ಕೊಡೋ ಕೆಲ್ಸ. ಆಡಿಷನ್ ಇಲ್ಲ, ಫೋನ್ ಕಾಯೋದಿಲ್ಲ. ಈ ಶೂಟಿಂಗ್ ಸಹವಾಸ ಬಿಡೋ ಸಾಕು. ಪಂಕ್ತಿ ಮುಗಿಯೋದ್ರೊಳಗೆ ಹೇಳು, ಮ್ಯಾನೇಜರ್‌ಗೆ ಮೆಸೇಜ್ ಹಾಕ್ಬೇಕು.”

ಉಲ್ಲಾಸ್ ಹೆಂಡತಿಯ ಕಡೆ ನೋಡಿದ. ಸಾಲಿನ ಕೊನೆಯಲ್ಲಿ ಹಪ್ಪಳ ಮುರಿಯುತ್ತಿದ್ದ ಪ್ರಗತಿ, ನಿನ್ನಿಷ್ಟ ಎಂಬಂತೆ ಭುಜ ಕುಣಿಸಿದಳು. ಆಯಿತು ಎಂದುಬಿಡೋಣ ಅಂದುಕೊಂಡೇ ಅವನು ಮುಂದಿನ ಎಲೆಗೆ ಬಾಗಿದ.

ಎಲೆಯ ಮೇಲೆ ಎರಡು ಅಂಗೈಗಳು ಅಡ್ಡ ಬಂದವು. ವಿಶ್ವಾಸನ ಅತ್ತೆ ವಿಜಯಮ್ಮ, ಹೋದ ತಿಂಗಳು ಮೈಸೂರಿನಿಂದ ಬಂದವರು. ಅವನ ಮುಖವನ್ನೇ ದಿಟ್ಟಿಸುತ್ತಿದ್ದರು.

“ಯಾಕೆ ಆಂಟಿ, ಶುಗರ್ರಾ?”

“ಶುಗರ್ ಗಿಗರ್ ಏನಿಲ್ಲ. ಆ ಮುದುಕಿಗೆ ಹಾಲು ತಂದ್ಕೊಟ್ಟೋನು ನೀನೇ ಅಲ್ವಾ?”

ಸೌಟು ಗಾಳಿಯಲ್ಲೇ ನಿಂತಿತು. ಈಚೆಗೆ ಟೀವಿಯಲ್ಲಿ ಬಂದ ಸೀರಿಯಲ್ ಅದು. ಅವನದು ನರ್ಸಿನ ವೇಷ, ಒಂದೇ ಸೀನು, ಒಂದು ಮಾತೂ ಇಲ್ಲ. ಹಾಸಿಗೆ ಹಿಡಿದ ಮುದುಕಿಗೆ ವಿಷ ಬೆರೆಸಿದ ಹಾಲು ಕುಡಿಸಿ, ನಕ್ಕು, ಬಾಯಿ ಒರೆಸಿ ಹೊರಡುವುದು.

“ಅತ್ತೆ, ಅದು ಆಕ್ಟಿಂಗು!” ವಿಶ್ವಾಸ್ ನಗು ತಡೆಯಲಾರದೆ ಹೇಳಿದ.

“ಗೊತ್ತು, ನಾನೇನು ದಡ್ಡಿನಾ? ಎಷ್ಟು ಮೆತ್ತಗೆ ಬಾಯಿ ಒರೆಸ್ದ ಅಂತೀರಿ! ಹೊಟ್ಟೇಲಿ ಹುಟ್ಟಿದ ಮಗನೂ ಹಾಗೆ ಒರ್ಸಲ್ಲ. ಅವತ್ತಿಂದ ರಾತ್ರಿ ಹಾಲು ಕುಡಿಯೋದೇ ಬಿಟ್ಟಿದೀನಿ.”

ಇಷ್ಟು ವರ್ಷಗಳಲ್ಲಿ ತೆರೆಯ ಮೇಲೆ ಉಲ್ಲಾಸನನ್ನು ಗುರುತು ಹಿಡಿದವರು ಇವರೇ ಮೊದಲು. ಪ್ರಗತಿ ಹಪ್ಪಳ ಕೈಯಲ್ಲೇ ಹಿಡಿದು ಅವನನ್ನು ನೋಡಿ ನಗುತ್ತಿದ್ದಳು.

“ಸೋಮವಾರ ಬರಲ್ಲ ಕಣೋ,” ಎಂದು ವಿಶ್ವಾಸನಿಗೆ ಹೇಳಿದ.

“ಸ್ವಲ್ಪ ಯೋಚ್ನೆ ಮಾಡು.”

“ಮಾಡಾಯ್ತು.”

ಮತ್ತೆ ವಿಜಯಮ್ಮನವರ ಎಲೆಗೆ ಬಾಗಿದ. ಮುದುಕಿಗೆ ಹಾಲು ಕೊಡುವಾಗ ನಕ್ಕ ಹಾಗೆಯೇ ಮೆತ್ತಗೆ ನಕ್ಕ. “ಒಂದೇ ಒಂದು ಸೌಟು, ಆಂಟಿ. ನಿಮಗೋಸ್ಕರ.”

ಅವರು ಇನ್ನೂ ಅರ್ಧ ಊಟವಿದ್ದ ಎಲೆಯನ್ನು ಮಡಚಿಬಿಟ್ಟರು.

“ಬೇಡ.”