ಹಳೆಯ ಅಳತೆ

ಗಿರಾಕಿಯ ಸೊಂಟಕ್ಕೆ ಟೇಪು ಸುತ್ತಿದ ಟೈಲರನ ಕೈ ಅಲ್ಲೇ ನಿಂತಿತು. ಆ ಸೊಂಟ ತನ್ನದು. ಈಗಿನದಲ್ಲ, ಆರು ತಿಂಗಳ ಹಿಂದಿನದು.

ಸೊಂಟಗಳಿಗೇನು ಬರವೇ, ಊರಲ್ಲಿ ಅಂಥವು ನೂರಿರುತ್ತವೆ ಎಂದು ಸಮಾಧಾನ ಮಾಡಿಕೊಂಡು ಎದೆಗೆ ಟೇಪು ಹಿಡಿದ. ಅದೂ ತನ್ನದೇ. ತೋಳು, ಕತ್ತು, ತೊಡೆ, ಯಾವುದರಲ್ಲೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ವರ್ಷಗಟ್ಟಲೆ ಹೊಲಿಗೆ ಯಂತ್ರದ ಅಂಚಿಗೆ ಒರಗಿ ತನ್ನ ಹೊಟ್ಟೆಯ ಎಡಭಾಗದಲ್ಲಿ ಒಂದು ತಗ್ಗು ಬಿದ್ದಿತ್ತು. ಆ ತಗ್ಗೂ ಇವನ ಹೊಟ್ಟೆಯಲ್ಲಿತ್ತು. ಇವನೋ ಬಸ್ ಡ್ರೈವರ್.

ಆರು ತಿಂಗಳ ಹಿಂದೆ ಡಾಕ್ಟರು, "ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿ ನಿಂತಿದೆ, ಒಳಗೆ ಕರ್ಕೋಬೇಡಿ" ಎಂದಿದ್ದರು. ಟೈಲರನ ಅಪ್ಪನ ಕಣ್ಣು ಹೋದದ್ದು ಅದರಿಂದಲೇ. ಕಣ್ಣಿಲ್ಲದ ಟೈಲರನಿಗೆ ಸೂಜಿ ಯಾಕೆ, ದಾರ ಯಾಕೆ! ಹೆದರಿ ಸಕ್ಕರೆ ಬಿಟ್ಟ, ಅನ್ನ ಅರ್ಧ ಮಾಡಿದ, ತರಕಾರಿ ಹೆಚ್ಚಿಸಿದ, ದಿನಾ ಸಂಜೆ ಬೆವರಿಳಿಯುವಂತೆ ನಡೆದ. ಹೆಂಡತಿ ಬಿಸ್ಕತ್ತಿನ ಡಬ್ಬಿಗೇ ಬೀಗ ಜಡಿದಳು. ಇವತ್ತು ಬೆಳಿಗ್ಗೆಯಷ್ಟೇ ರಕ್ತ ಪರೀಕ್ಷೆಯಲ್ಲಿ ಎಲ್ಲ ಸರಿಯಿದೆ ಎಂದು ಬಂದಿತ್ತು.

"ಮೊದಲಿಂದ್ಲೂ ನಿಮ್ಮ ಮೈ ಹೀಗೇನಾ?" ಟೈಲರ್ ಕೇಳಿದ.

"ಎಲ್ಲಿ ಸಾರ್! ಕಡ್ಡಿ ಇದ್ದ ಹಾಗಿದ್ದೆ. ಊಟ ಮೊದಲಿನಷ್ಟೇ, ಆದ್ರೂ ಆರು ತಿಂಗಳಿಂದ ಊದ್ತಾನೇ ಇದೀನಿ. ನೀವು ಸಂಜೆ ವಾಕಿಂಗ್ ಹೊರಟ್ರೆ ಸಾಕು, ಕೂತಲ್ಲೇ ನನ್ನ ಕಾಲು ಭಾರ ಆಗುತ್ತೆ."

"ನಾನು ವಾಕಿಂಗ್ ಹೋಗೋದು ನಿಮಗೆ ಹೇಗೆ ಗೊತ್ತು?"

ಡ್ರೈವರ್ ತಲೆ ತಗ್ಗಿಸಿದ. "ನೀವು ಏನಾದ್ರೂ ಬೇಡ ಅಂದಾಗೆಲ್ಲ ನನ್ನ ಬಾಯಿ ಸಿಹಿ ಆಗುತ್ತೆ. ಯಾರೋ ಬಿಟ್ಟದ್ದೆಲ್ಲ ನನ್ನ ಮೈಗೆ ಬರ್ತಿದೆ, ಯಾರಪ್ಪಾ ಇವರು ಅಂತ ಹುಡುಕಿ ಹುಡುಕಿ ಸಾಕಾಯ್ತು. ಈಗ ನಿಮ್ಮ ಕೈ ತಾಗಿದಾಗ ಖಾತ್ರಿ ಆಯ್ತು."

ಟೈಲರ್ ಕೈಯಲ್ಲಿದ್ದ ಟೇಪನ್ನು ಮತ್ತೊಮ್ಮೆ ನೋಡಿದ. ಇವನಾಡಿದ ಮಾತು ಹುಚ್ಚಾಗಿರಬಹುದು, ಟೇಪು ಸುಳ್ಳು ಹೇಳುವುದಿಲ್ಲವಲ್ಲ. ಅಷ್ಟರಲ್ಲಿ ಹೆಂಡತಿ ಎರಡು ಲೋಟ ಚಹಾ ತಂದಳು.

"ಅಕ್ಕಾ," ಡ್ರೈವರ್ ಕೈ ಮುಗಿದ, "ಇವರ ಲೋಟಕ್ಕೆ ಒಂದು ಚಮಚ ಸಕ್ಕರೆ ಹಾಕಿ."

"ಅಯ್ಯೋ, ಅವರಿಗೆ ಸಕ್ಕರೆಯ ವಾಸನೇನೂ ಬೇಡ ಈಗ!" ಅವಳು ನಗುತ್ತಾ ಒಳಗೆ ಹೋದಳು. ಗಂಡನನ್ನು ಉಳಿಸಿಕೊಂಡ ಹೆಮ್ಮೆ ಅವಳಿಗೆ.

ಡ್ರೈವರ್ ಹೊರಗಿನ ರಸ್ತೆಯತ್ತ ಕಣ್ಣು ಕಿರಿದು ಮಾಡಿ ನೋಡಿದ. "ಎದುರಿನ ಅಂಗಡಿ ಬೋರ್ಡು ಮಸುಕು ಮಸುಕಾಗಿ ಕಾಣ್ತಿದೆ ಸಾರ್. ಬಸ್ ತುಂಬಾ ಜನ ಇರ್ತಾರೆ. ಸ್ವಲ್ಪ, ಸ್ವಲ್ಪ ನೀವೇ ತಿನ್ನಿ."

ಟೈಲರನಿಗೆ ಅಯ್ಯೋ ಅನ್ನಿಸಿತು. ನಿಜವಾಗಿಯೂ ಅನ್ನಿಸಿತು. ಆದರೂ ಲೋಟ ಎತ್ತಿಕೊಂಡು, ಅವನ ಮುಖ ನೋಡದೆ, ಚಪ್ಪೆ ಚಹಾವನ್ನು ಗಟಗಟನೆ ಕುಡಿದುಬಿಟ್ಟ.

ಎದುರಿಗಿದ್ದವನು ತನ್ನ ಲೋಟವನ್ನು ಮುಟ್ಟಿಯೂ ಇರಲಿಲ್ಲ. ಆದರೂ ಅವನು ನಾಲಿಗೆಯಿಂದ ಮೆಲ್ಲಗೆ ತುಟಿ ಸವರಿಕೊಂಡ.