ಗೋಡೆಯಾಚೆಗೆ ಒಗ್ಗರಣೆ

“ಹಾಕು ಒಗ್ಗರಣೆ. ಚೊಯ್ ಅನ್ನೋದು ಗೋಡೆ ಆಚೆಗೆ ಕೇಳಿಸ್ಬೇಕು,” ಎಂದ ಅಮರನಾಥ್, ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತು.

ಸುನಂದಳ ಕೈ ಒಲೆಯ ಮುಂದೆ ಹಾಗೇ ನಿಂತಿತು. ಗೋಡೆಯಾಚೆ ಇರುವುದು ಗಂಡನ ಅಣ್ಣ ಶ್ರೀರಾಮಪ್ಪನ ಮನೆ. ಅವನ ಹೆಂಡತಿ ಭಾರತಮ್ಮನ ಮಣ್ಣಾಗಿದ್ದು ನಿನ್ನೆ ಸಂಜೆಯಷ್ಟೇ. ಸಾವಾದ ಮನೆಯಲ್ಲೂ ಅವರ ದಾಯಾದಿಗಳ ಮನೆಯಲ್ಲೂ ಕರ್ಮ ಮುಗಿಯುವ ತನಕ ಸೂತಕ, ಒಗ್ಗರಣೆ ಹಾಕುವಂತಿಲ್ಲ. ಹಾಕಿದರೆ ನಮಗೂ ನಿಮಗೂ ಸಂಬಂಧ ತೀರಿತು ಎಂದು ಊರಿಗೆಲ್ಲ ಸಾರಿದ ಹಾಗೆ. ಅಮರನಾಥನಿಗೆ ಬೇಕಾಗಿದ್ದೂ ಅದೇ. ಬೋರ್‌ವೆಲ್ ನೀರಿನ ಸರದಿಗೆಂದು ಶುರುವಾದ ಅಣ್ಣತಮ್ಮಂದಿರ ಜಗಳ ಎರಡು ಮನೆಯ ನಡುವೆ ಗೋಡೆ ಎಬ್ಬಿಸಿತ್ತು; ಸಾವಿನ ಮುಂದೆಯೂ ಅದು ತಣ್ಣಗಾಗಿರಲಿಲ್ಲ. ತಾನೂ ಮಣ್ಣಿಗೆ ಹೋಗಲಿಲ್ಲ, ಹೆಂಡತಿಯನ್ನೂ ಹೊಸ್ತಿಲು ದಾಟಲು ಬಿಡಲಿಲ್ಲ, ಮಹಾರಾಯ.

“ನನ್ನ ಮದ್ವೆ ಆಗೋ ಮುಂಚೆ ನಿಮ್ಗೆ ಮುದ್ದೆ ಇಕ್ತಿದ್ದಿದ್ದು ಅಕ್ಕಾನೇ ಅಲ್ವೇನ್ರೀ?”

“ಇಕ್ಕಿದ್ಲು. ಆಮೇಲೆ ಪಂಚಾಯ್ತೀಲಿ ಗಂಡನ ಪಕ್ಕ ನಿಂತ್ಕೊಂಡು ನನ್ನ ಪರ ಒಂದು ಮಾತಾಡಿದ್ಲಾ? ನಮ್ಗೆ ಸೂತಕ ಗೀತಕ ಏನೂ ಇಲ್ಲ. ಹಾಕು ಅಂದ್ರೆ ಹಾಕು.”

ಪಾತ್ರೆಯಲ್ಲಿ ಹಿದುಕಿದ ಬೇಳೆ ಸಾರು ಕುದಿಯುತ್ತಿತ್ತು. ಭಾರತಮ್ಮ ಕೋಲಾರದ ಆಸ್ಪತ್ರೆಯಿಂದ ಮನೆಗೆ ಬರುತ್ತಾಳಂತೆ ಎಂದು ನಿನ್ನೆ ಬೆಳಿಗ್ಗೆ ಸುದ್ದಿ ಕೇಳಿ, ಗಂಡನ ಕಣ್ಣು ತಪ್ಪಿಸಿ ಒಂದು ಬಟ್ಟಲು ಗೋಡೆ ದಾಟಿಸಿದರಾಯಿತೆಂದು ಸುನಂದ ಅವರೆಕಾಳು ನೆನೆಹಾಕಿದ್ದಳು. ಬಂದದ್ದು ಹೆಣ. ನೆನೆದ ಕಾಳನ್ನು ಬಿಸಾಡಲು ಮನಸ್ಸು ಬಾರದೆ ಇವತ್ತು ಬೆಳಿಗ್ಗೆ ಒಬ್ಬಳೇ ಕೂತು, ಅತ್ತುಕೊಂಡು ಹಿದುಕಿದ್ದಳು.

ಅಡುಗೆ ಎಂದರೆ ಸುನಂದಳಿಗೆ ಹುಚ್ಚು. ಹುಣಸೆ ಚಿಗುರು ಬಂದರೆ ಒಂದು ಪ್ರಯೋಗ, ಗಾಳಿಗೆ ಮಾವಿನ ಪಿಂದೆ ಉದುರಿದರೆ ಇನ್ನೊಂದು. ಆ ಹುಚ್ಚು ಹಿಡಿಸಿದವಳೇ ಭಾರತಮ್ಮ. ಗೋಡೆ ಎದ್ದು ಮಾತು ನಿಂತರೂ ಇಬ್ಬರ ಅಡುಗೆಮನೆಯ ಕಿಟಕಿಗಳು ಆ ಮೋಟು ಗೋಡೆಯ ಮೇಲಿಂದ ಎದುರುಬದುರೇ ಇದ್ದವು. ಇಲ್ಲಿ ಒಗ್ಗರಣೆ ಬಿದ್ದರೆ ಅಲ್ಲಿ ಭಾರತಮ್ಮನ ಮೂಗಿಗೆ ಎಲ್ಲ ತಿಳಿಯುತ್ತಿತ್ತು. ಹದವಾಗಿದ್ದರೆ ಸೌಟಿನಿಂದ ಪಾತ್ರೆಯ ಕಂಠಕ್ಕೆ ಟಣ್ ಟಣ್ ಎಂದು ಎರಡು ಸಲ ಬಡಿಯುವಳು. ಇಂಗು ಹೆಚ್ಚಾಗಿದ್ದರೆ ಸುಮ್ಮನಿರುವಳು. ಹೋದ ತಿಂಗಳು ಸುನಂದ ಇದೇ ಸಾರಿಗೆ ಹುಚ್ಚೆಳ್ಳು ಹುರಿದು ಪುಡಿ ಮಾಡಿ ಹಾಕಿ ನೋಡಿದ ದಿನ, ಕಾಯಿಲೆಯ ಹಾಸಿಗೆಯಿಂದ ಎದ್ದು ಬಂದು ಬಡಿದಿದ್ದಳು. ಸುನಂದ ಅವತ್ತೆಲ್ಲ ಒಬ್ಬಳೇ ನಗುತ್ತಿದ್ದಳು. ಗಂಡಸರಿಗೆ ಇದರ ಸುಳಿವೂ ಇರಲಿಲ್ಲ. ಉಂಡು ಕೈತೊಳೆದು ಹೋಗುವವರಿಗೆ ಒಗ್ಗರಣೆಯ ಮಾತು ಹೇಗೆ ಕೇಳಿಸಬೇಕು?

“ಏನೇ, ಗರ ಬಡ್ದೋಳಂಗೆ ನಿಂತ್ಬಿಟ್ಟೆ? ನಾನೇ ಹಾಕ್ಲಾ?”

ಸುನಂದ ಬಾಣಲೆ ಇಟ್ಟಳು. ಎಣ್ಣೆ ಕಾಯಿತು, ಸಾಸಿವೆ ಸಿಡಿಯಿತು. ಜಜ್ಜಿದ ಬೆಳ್ಳುಳ್ಳಿ, ಇಂಗು. ಮೇಲೆ ನೀರು ಸೋರುತ್ತಿದ್ದ ಕರಿಬೇವು ಬಿದ್ದದ್ದೇ ಮನೆಯೆಲ್ಲ ಚೊಯ್ ಎಂದಿತು. ಅಮರನಾಥ್ ಗೆದ್ದವನ ಹಾಗೆ ತಲೆಯಾಡಿಸಿ ಜಗಲಿಗೆ ಹೋಗಿ ಕೂತ.

ಅಭ್ಯಾಸಬಲ, ಸುನಂದಳ ಕಿವಿ ಕಿಟಕಿಯ ಕಡೆಗೆ ತಿರುಗಿತ್ತು. ಟಣ್ ಎನ್ನಲಿಲ್ಲ. ಎದುರಿನ ಕಿಟಕಿಯಲ್ಲಿ ಭಾರತಮ್ಮನ ಮಗಳು ಚಂದನ ಕಾಣಿಸಿಕೊಂಡಳು. ಅತ್ತೂ ಅತ್ತೂ ಮುಖ ಊದಿಕೊಂಡಿತ್ತು.

“ಅಮ್ಮ ಹೋಗಿ ಇನ್ನೂ ಎರಡು ದಿನ ಆಗಿಲ್ಲ, ಚಿಕ್ಕಮ್ಮ,” ಎಂದಳು. ಕಿಟಕಿ ಮುಚ್ಚಿ ಚಿಲಕ ಹಾಕಿಕೊಂಡಳು.

ಹಂಗಲ್ಲ ಕಣೇ ಮಗಳೇ ಎಂದು ಸುನಂದಳಿಗೆ ಕೂಗಬೇಕೆನಿಸಿತು. ಆದರೆ ಮುಚ್ಚಿದ ಕಿಟಕಿಗೆ ಏನು ಹೇಳುವುದು, ಹೇಗೆ ಹೇಳುವುದು? ಸೆರಗಿನಿಂದ ಕಣ್ಣೊರೆಸಿಕೊಂಡು ಮುದ್ದೆ ತೊಳಸಿದಳು. ಗಂಡನಿಗೆ ತಟ್ಟೆ ಹಾಕಿದಳು.

ಅಮರನಾಥ್ ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದ. ಎರಡನೇ ತುತ್ತಿಗೆ ಕೈ ತಡೆಯಿತು.

“ಏನೇ ಇದು? ಸಾರಿಗೆ ಒಗ್ಗರಣೇನೇ ಬಿದ್ದಿಲ್ಲ!”

“ಅದನ್ನ ನೀವು ಹಾಕ್ಸಿದ್ದು ಗೋಡೆ ಆಚೆಯೋರಿಗೆ. ಅವ್ರಿಗೆ ಮುಟ್ತು.” ಒಲೆಯ ಪಕ್ಕದ ಬಾಣಲೆಯಲ್ಲಿ ಸಾಸಿವೆ, ಕರಿಬೇವು ಎಣ್ಣೆಯೊಳಗೇ ತಣ್ಣಗಾಗಿ ಕೂತಿದ್ದವು. “ಇದು ನಮ್ಗೆ. ಅಕ್ಕನ ಕರ್ಮ ಮುಗಿಯೋ ಗಂಟ ಈ ಮನೇಲಿ ಹಿಂಗೇನೇ. ಉಣ್ಣಿ.”

ಸುನಂದ ಸೌಟು ಎತ್ತಿಕೊಂಡು ಸಾರಿನ ಪಾತ್ರೆಯ ಕಂಠಕ್ಕೆ ಎರಡು ಸಲ ಬಡಿದಳು. ಆಚೆಯ ಕಿಟಕಿ ಮುಚ್ಚೇ ಇತ್ತು.