ಎದುರುಬದುರು

ಕಾರ್ಖಾನೆಯ ಗೇಟಿನಲ್ಲಿ ಗುಡದಪ್ಪ ಜೇಬು ಮುಟ್ಟಿ ನೋಡಿಕೊಂಡ. ಪೊಟ್ಟಣ ಇತ್ತು. ಒಳಗೆ ಗುಂಟೂರಿನ ಖಾರದ ಪುಡಿ. ಬ್ಯಾಡಗಿಯಲ್ಲಿ ಹುಟ್ಟಿ ಬೆಳೆದವನು ಹೊರಗಿನಿಂದ ಖಾರ ತರಿಸುವುದು ನಗೆಗೇಡು. ಆದರೆ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಅವನಿಗೆ ಬೇಕಾಗಿದ್ದು ಬಣ್ಣವಲ್ಲ.

ಅದೇ ಜೇಬಿನಲ್ಲಿ ಆರು ವರ್ಷದ ಹಳೆಯ ಕಾಗದವೊಂದಿತ್ತು. ಮಡಿಕೆಗಳಲ್ಲಿ ಹರಿದ ಇಂಗ್ಲಿಷ್ ವರದಿ. ಅದನ್ನು ಅವನು ಓದಲಾರ. ಕಣ್ಣಿಗೆ ಕಟ್ಟಿದ್ದು ಕೊನೆಯ ಸಹಿ ಮಾತ್ರ. ಯಾರಿಗೂ ಹೆಸರು ಬಿಡಿಸಲಾಗದ, ಮೆಣಸಿನಕಾಯಿ ತೊಟ್ಟಿನಂತೆ ಬಾಲ ಮೇಲಕ್ಕೆ ಕೊಂಕಿದ ಸಹಿ.

ಆಗ ಅವನು ಈ ಖಾರದ ಪುಡಿ ಕಾರ್ಖಾನೆಯ ಫಿಟ್ಟರ್. ದೊಡ್ಡ ಫ್ಯಾನು ನಡುಗತೊಡಗಿತ್ತು. "ರೋಗ ಬುಡದಾಗ ಐತ್ರಿ, ಕಾಂಕ್ರೀಟ್ ಬಿರಕ ಬಿಟ್ಟೈತಿ" ಎಂದು ಬಾಯಿ ಬಡಿದುಕೊಂಡ. ಯಾರು ಕೇಳಬೇಕು? ಹುಬ್ಬಳ್ಳಿಯಿಂದ ಇಂಜಿನಿಯರ್ ಒಬ್ಬರು ಬಂದರು. ಖಾರದ ಧೂಳಿಗೆ ಎಲ್ಲರಂತೆ ಮುಖಕ್ಕೆ ಬಟ್ಟೆ ಸುತ್ತಿ, ಕನ್ನಡಕ, ಟೋಪಿ ಹಾಕಿಕೊಂಡು, ಗದ್ದಲದಲ್ಲಿ ಕೈಸನ್ನೆಯಲ್ಲೇ ಕೆಲಸ ಮುಗಿಸಿ ಕಾರು ಹತ್ತಿದರು. ಮೋಟಾರಿಗೂ ಫ್ಯಾನಿಗೂ ನಡುವಿನ ಕಪ್ಲಿಂಗ್ ಸೊಟ್ಟ ಕೂತಿದೆ, ತಪ್ಪು ಫಿಟ್ಟರನದು ಎಂದು ವರದಿ ಬಂತು.

ಬುಡದ ಗೊಡವೆಗೆ ಯಾರೂ ಹೋಗಲಿಲ್ಲ. ತಿಂಗಳೊಳಗೆ ನಡುಕ ತಾಳದೆ ಕಪ್ಲಿಂಗೇ ಸಿಡಿಯಿತು. ಗುಡದಪ್ಪನ ಅಳಿಯ ಮಾಲತೇಶನ ಬಲಗೈಯ ಮೂರು ಬೆರಳು ಹೋದವು. ವರದಿಯೇ ಖರೆ ಎಂದಿತು ಊರು. ಕೆಲಸ ಹೋದದ್ದು ಹೋಗಲಿ, ಮಗಳು ನೀಲಾ ಅಪ್ಪನ ಜೊತೆ ಮಾತು ಬಿಟ್ಟಳು. ಕದರಮಂಡಲಗಿಯ ಅವಳ ಮನೆಗೆ ಅವನು ಮೂರು ಸಲ ಹೋದ. ಮೂರು ಸಲವೂ ಬಾಗಿಲು ತೆರೆಯಲಿಲ್ಲ.

ಇಂದು ಬೆಳಿಗ್ಗೆ ಇಂಜಿನಿಯರ್ ಬಂದಿದ್ದಾರೆ, ನಿನ್ನನ್ನು ಕೇಳುತ್ತಿದ್ದಾರೆ ಎಂದು ಸುದ್ದಿ ಬಂದಾಗ ಅವನು ಪೊಟ್ಟಣ ತೆಗೆದುಕೊಂಡೇ ಹೊರಟಿದ್ದ. ಬಂದು ನೋಡಿದರೆ ಹೆಣ್ಣುಮಗಳು. ತಾನು ಹುಡುಕುತ್ತಿದ್ದವನಲ್ಲ ಎಂದು ಅವನ ಮುಖ ಸಪ್ಪಗಾಯಿತು.

"ಇವರು ಶ್ರದ್ಧಾ ಅಂತ" ಎಂದ ಹೊಸ ಮ್ಯಾನೇಜರ್ ಪ್ರಾಣೇಶ. "ನಾ ಕರದಿಲ್ಲ. ಫ್ಯಾನ್ ಮತ್ತ ನಡಗತದೇನು ಅಂತ ತಾವ ಫೋನ್ ಮಾಡಿ ಬಂದಾರ. ಗುಡದಪ್ಪ ಇದ್ರನ ಮಶೀನ್ ಮುಟ್ಟೋದು ಅಂತಾರ."

ಮುಖಕ್ಕೆ ಬಟ್ಟೆ, ಕಣ್ಣಿಗೆ ಕನ್ನಡಕ, ಕೈಗೆ ಗವಸು ಹಾಕಿದ್ದ ಶ್ರದ್ಧಾ ಗುಡದಪ್ಪನಿಂದ ಹಳೆಯ ವರದಿ ಕೇಳಿ ಪಡೆದಳು. ಬಿಚ್ಚಿ, ಓದದೆಯೇ ಮಡಚಿ ಕೊಟ್ಟಳು. "ಇದನ್ನ ಬರದ ಕೈಗೆ ಮಶೀನ್ ಮುಟ್ಟೋ ಹಕ್ಕಿಲ್ಲ."

ಇವಳಿಗೂ ಆ ಇಂಜಿನಿಯರನ ಮೇಲೆ ಹಗೆ ಇರಬೇಕು ಎಂದುಕೊಂಡ ಗುಡದಪ್ಪ. ಅವನಿಗೆ ಜೀವ ಬಂತು.

ಅವಳು ತೋರಿಸಿದಂತೆ ಗುಡದಪ್ಪನೇ ಕಪ್ಲಿಂಗಿನ ಎರಡೂ ಪಕ್ಕ ನಡುಕ ಅಳೆಯುವ ಒಂದೊಂದು ಸೆನ್ಸರ್ ಅಂಟಿಸಿದ. ಅವಳ ಕೈಯಲ್ಲಿದ್ದ ಪರದೆಯ ಮೇಲೆ ಎರಡು ಗೆರೆ. ಒಂದು ಏರಿದಾಗ ಇನ್ನೊಂದು ಇಳಿಯುತ್ತಿತ್ತು. "ಎರಡೂ ಉಲ್ಟಾ ಅಲುಗಾಡಿದ್ರ ಕಪ್ಲಿಂಗ್ ಸೊಟ್ಟ ಅಂತ ಅರ್ಥ" ಎಂದಳು. ಹಳೆಯ ವರದಿಯ ಮಾತೇ ಇದು ಎಂದು ಗುಡದಪ್ಪ ಹಿಂದೆ ಸರಿದ.

ಅವಳು ಅವನನ್ನು ಅಂಗಳಕ್ಕೆ ಕರೆದೊಯ್ದು ಕೈಗಾಡಿಯ ಆಚೆ ನಿಲ್ಲಿಸಿ, ತಾನು ಈಚೆಯಿಂದ ಗಾಡಿ ನೂಕಿದಳು.

"ಗಾಡಿ ಎಲ್ಲಿ ಹೋತು?"

"ನನ್ನ ಕಡೆ ಬಂತ್ರಿ."

"ನನ್ನಿಂದ ದೂರ ಹೋತು. ಗಾಡಿ ಒಂದ, ಹೋದ ದಿಕ್ಕೂ ಒಂದ. ನಾವು ಎದುರುಬದುರು ನಿಂತೇವಿ, ಅದಕ್ಕ ಮಾತು ಉಲ್ಟಾ. ಸೆನ್ಸರ್ ಎರಡೂ ಹಂಗ ಕೂತಾವ. ಒಂದರ ಗೆರಿ ತಿರುವಿ ಓದಬೇಕು. ಆಗ ಎರಡೂ ಕೂಡೇ ಅಲುಗಾಡ್ತಾವ. ಕಪ್ಲಿಂಗ್ ಸರಿ ಅದ. ಅಲುಗಾಡೋದು ಬುಡ. ಅವತ್ತೂ ಸೆನ್ಸರ್ ಹಿಂಗ ಇದ್ವು. ತಿರುವಿ ಓದಲಿಲ್ಲ, ಅಷ್ಟ."

"ಅಷ್ಟ?" ಗುಡದಪ್ಪ ಗಾಡಿ ಸರಿಸಿ ಮುಂದೆ ಬಂದ. "ನನ್ನ ಅಳಿಯನ ಬೆರಳು ಅಷ್ಟಕ್ಕ ಹೋದ್ವೇನ್ರಿ? ಆ ಸೂಳೆಮಗನ ಹೆಸರ ಹೇಳ್ರಿ!"

"ಸಿಕ್ರ ಏನ್ ಮಾಡ್ತೀರಿ?"

ಅವನು ಪೊಟ್ಟಣ ತೆಗೆದು ತೋರಿಸಿದ. "ಗುಂಟೂರಿಂದು. ಕಣ್ಣಾಗ ಉಗ್ಗತೇನಿ."

ಶ್ರದ್ಧಾ ಪೊಟ್ಟಣವನ್ನೇ ನೋಡಿದಳು. "ಉಗ್ಗಲೇಬೇಕು. ಆದ್ರ ಮೊದಲು ವರದಿ."

ಆಫೀಸಿನಲ್ಲಿ ಕೂತು ಕನ್ನಡದಲ್ಲೇ ಬರೆದಳು. ಫಿಟ್ಟರನ ತಪ್ಪಿಲ್ಲ, ಹಳೆಯ ಅಳತೆ ತಪ್ಪು. ಪ್ರಾಣೇಶನಿಂದ ಸಹಿ ಹಾಕಿಸಿ, ಗುಡದಪ್ಪನಿಂದ ನಂಬರ್ ಪಡೆದು ನೀಲಾಗೆ ಫೋನಿನಲ್ಲಿ ಓದಿ ಹೇಳಿದಳು. ನೀಲಾ ಇನ್ನೊಮ್ಮೆ ಓದಿಸಿಕೊಂಡಳು. ಆಮೇಲೆ, "ಅಪ್ಪಗ ಕೊಡ್ರಿ."

ಗುಡದಪ್ಪ ಫೋನನ್ನು ಎರಡೂ ಕೈಯಲ್ಲಿ ಹಿಡಿದ.

"ಅಪ್ಪಾ... ನಾಳಿ ಊಟಕ್ಕ ಬಾ."

ಅವನು ಅತ್ತ. ಅತ್ತು ಮುಖ ಒರೆಸಿಕೊಂಡ ಮೇಲೂ ಹಗೆ ಆರಲಿಲ್ಲ. ಕಳೆದ ಆರು ವರ್ಷ ಎದ್ದು ನಿಂತು ಲೆಕ್ಕ ಕೇಳುತ್ತಿತ್ತು. ಪೊಟ್ಟಣ ಬಿಚ್ಚಿ ಅಂಗೈಗೆ ಸುರಿದುಕೊಂಡ.

"ಈಗ ಹೆಸರ ಹೇಳ್ರಿ. ಇವತ್ತ ಹೋಗತೇನಿ."

"ದೂರ ಹೋಗೋದು ಬ್ಯಾಡ" ಎಂದಳು ಶ್ರದ್ಧಾ. ಕೈಗವಸು ಕಳಚಿ ವರದಿಯ ಕೆಳಗೆ ತನ್ನ ಸಹಿ ಹಾಕಿ ಅವನತ್ತ ಸರಿಸಿದಳು. ಮುಖದ ಬಟ್ಟೆ ಬಿಚ್ಚಿದಳು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕಣ್ಣು ಮುಚ್ಚದೆ ಅವನೆದುರು ನಿಂತಳು.

ಹಸಿ ಶಾಯಿಯ ಸಹಿಯ ಬಾಲ ಮೆಣಸಿನಕಾಯಿ ತೊಟ್ಟಿನಂತೆ ಮೇಲಕ್ಕೆ ಕೊಂಕಿತ್ತು.